ಬೆರಕೆಯೇ ಬೇರೆ, ಕಲಬೆರಕೆಯೇ ಬೇರೆ

ಹೋದ ವರ್ಷ ಯುಗಾದಿ ಕಳೆದ ಎರಡು ವಾರಕ್ಕೆ ನಮ್ಮಕ್ಕನ ಮಗ ಬಾಗಲೂರಿನಿಂದ ಹೊಸೂರಿನ ನಮ್ಮ ಅಂಗಡಿಗೆ ಬಂದ. ಕೈಯಲ್ಲಿ ಬಣ್ಣಬಣ್ಣದ ನಾಲ್ಕು ಹಾಳೆ. ಅವರ ಎರಡು ಎಕರೆ ಹೊಲ ಲೇಔಟಿಗೆ ಹೋಗಿ ಒಂದಿಷ್ಟು ದುಡ್ಡು ಬಂದಿತ್ತು. ಅದರಲ್ಲೊಂದು ಪಾಲನ್ನು ಸ್ಕಾಟ್ಲೆಂಡಿನಲ್ಲಿರುವ ಒಂದು ಪೀಪಾಯಿ ವಿಸ್ಕಿಯ ಮೇಲೆ ಹಾಕಬೇಕು ಅನ್ನೋದು ಅವನ ಆಸೆ. ಹತ್ತು ವರ್ಷ ಸುಮ್ಮನೆ ಬಿಟ್ಟರೆ ದುಡ್ಡು ಮೂರು ಪಟ್ಟು ಆಗ್ತದೆ ಅಂತ ಯಾರೋ ಫೋನಿನಲ್ಲಿ ಹೇಳಿದ್ದರಂತೆ. ಹುಡುಗನಿಗೆ ಈ ವಿಷಯದಲ್ಲಿ ಒಲವು ಮೊದಲಿನಿಂದಲೂ ಉಂಟು. ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ನಾಲ್ಕು ಜನ ಗೆಳೆಯರು ದುಡ್ಡು ಸೇರಿಸಿ ಒಂದೊಂದು ಬಾಟ್ಲಿ ತಂದು, ಲೇಬಲ್ ಓದಿ, ಮೂಸಿ, ಒಂದಕ್ಕೊಂದು ಹೋಲಿಸಿ ನೋಡ್ತಿದ್ದರು. ಕುಡಿದು ಬೀಳುವ ಪೈಕಿ ಅಲ್ಲ.

ನಾನು ಆ ಕಡೆ ತಲೆ ಹಾಕಿದವನಲ್ಲ. ನನ್ನದು ಅಪ್ಪನ ಕಾಲದ ದಿನಸಿ ಅಂಗಡಿ. ಆದರೂ ಹೊಲ ಮಾರಿದ ದುಡ್ಡು ಅಂದ ಕೂಡಲೇ ನನಗೆ ಒಬ್ಬ ಮನುಷ್ಯ ನೆನಪಾದ. ಅವನ ಕಥೆಯನ್ನು ನಾನು ಹಿಂದೆಯೇ ಓದಿದ್ದೆ. ಒಬ್ಬ ದಿನಸಿ ಅಂಗಡಿಯವನ ಬದುಕು ಅಂತಲೇ ಓದಿದ್ದೆ. ಅವನ ಹೆಸರು ಹೊತ್ತ ಚೌಕ ಬಾಟ್ಲಿ ನಮ್ಮೂರ ಮದುವೆ ಮನೆಗಳ ಹಿತ್ತಿಲವರೆಗೂ ಬಂದಿದೆ. ಅವನ ಬದುಕು ಮಾತ್ರ ಬಹಳ ಮಂದಿಗೆ ಗೊತ್ತಿಲ್ಲ. ಅವನೇ ಜಾನ್ ವಾಕರ್, ಲೋಕ ಕರೆಯುವಂತೆ ಜಾನಿ ವಾಕರ್. ಅವತ್ತು ಸಂಜೆ ಅಂಗಡಿ ಮುಚ್ಚುವವರೆಗೂ ಹುಡುಗನಿಗೆ ಆ ಕಥೆ ಹೇಳಿದೆ. ಅದನ್ನೇ ಇಲ್ಲಿ ಬರೀತಿದ್ದೇನೆ.

ಹೊಲ ಹೋಗಿ ಅಂಗಡಿ ಬಂತು

ಸ್ಕಾಟ್ಲೆಂಡಿನ ದಕ್ಷಿಣಕ್ಕೆ ಏರ್‌ಷೈರ್ ಅಂತ ಒಂದು ಸೀಮೆ. ಹಸು, ಹಾಲು, ಬೆಣ್ಣೆಗೆ ಹೆಸರಾದ ನಾಡು. ಅಲ್ಲಿನ ಕಿಲ್ಮಾರ್ನಾಕ್ ಎಂಬ ಪೇಟೆಯ ಹತ್ತಿರ, ಟಾಡ್ರಿಗ್ಸ್ ಎಂಬ ಹೊಲಮನೆಯಲ್ಲಿ 1805ರ ಜುಲೈ 25ರಂದು ಜಾನ್ ಹುಟ್ಟಿದ. ಅಪ್ಪ ಅಲೆಕ್ಸಾಂಡರ್ ವಾಕರ್ ರೈತ. ಎಲ್ಲ ಸರಿಯಾಗಿ ನಡೆದಿದ್ದರೆ ಮಗನೂ ನೇಗಿಲು ಹಿಡಿದು ಅಲ್ಲೇ ಉಳಿಯುತ್ತಿದ್ದ. ಆದರೆ 1819ರಲ್ಲಿ ಅಪ್ಪ ತೀರಿಹೋದ. ಮಗನಿಗೆ ಆಗ ಹದಿನಾಲ್ಕು ವರ್ಷ.

ಹದಿನಾಲ್ಕರ ಹುಡುಗನ ಕೈಗೆ ಬೇಸಾಯ ಕೊಡೋದು ಹೇಗೆ ಅಂತ ಹಿರಿಯರು ಯೋಚನೆ ಮಾಡಿದರು. ಆಸ್ತಿ ನೋಡಿಕೊಳ್ಳಲು ನೇಮಕವಾಗಿದ್ದವರು ಬೇಸಾಯದ ಬಾಬತ್ತನ್ನೆಲ್ಲ ಮಾರಿದರು. ಬಂದದ್ದು 417 ಪೌಂಡ್. ಆ ದುಡ್ಡನ್ನು ಸಾಲಕ್ಕೆ ಬಿಡಲಿಲ್ಲ, ದೂರದ ಯಾವುದೋ ವ್ಯವಹಾರದಲ್ಲಿ ಹೂಡಲಿಲ್ಲ. ಕಿಲ್ಮಾರ್ನಾಕ್ ಪೇಟೆಯಲ್ಲೇ ಒಂದು ದಿನಸಿ ಅಂಗಡಿ ಇಟ್ಟುಕೊಟ್ಟು, 1820ರಲ್ಲಿ ಹುಡುಗನನ್ನು ಅದರ ಗಲ್ಲಾ ಮುಂದೆ ಕೂರಿಸಿದರು. ದುಡ್ಡು ಕಣ್ಣ ಮುಂದೆ ಇತ್ತು, ಹುಡುಗನ ಕೈಗೆ ಕಸುಬೂ ಸಿಕ್ಕಿತು. ಇಲ್ಲಿಗೆ ಬಂದಾಗ ನಾನು ಒಂದು ಗಳಿಗೆ ಮಾತು ನಿಲ್ಲಿಸಿ ನಮ್ಮ ಹುಡುಗನ ಮುಖ ನೋಡಿದೆ. ಅವನು ಕೈಯಲ್ಲಿದ್ದ ಹಾಳೆ ಮಡಿಚಿದ.

ಆ ಕಾಲದಲ್ಲಿ ಅಂಥ ಅಂಗಡಿಗೆ ಇಟಾಲಿಯನ್ ಉಗ್ರಾಣ ಅನ್ನುವ ಹೆಸರಿತ್ತು. ಇಟಲಿಯ ಎಣ್ಣೆ, ಒಣಹಣ್ಣು, ಮಸಾಲೆ, ಸಕ್ಕರೆ, ಟೀ ಪುಡಿ, ಅದರ ಜೊತೆಗೆ ವೈನು, ರಮ್ಮು, ಬ್ರಾಂದಿ, ವಿಸ್ಕಿ. ನಮ್ಮಲ್ಲಿ ಬೆಲ್ಲ, ಮೆಣಸಿನಕಾಯಿ, ಸೀಮೆಎಣ್ಣೆ ಒಂದೇ ಸೂರಿನಡಿ ಇರ್ತಿತ್ತಲ್ಲ, ಹಾಗೆ. ಮದ್ಯ ಅನ್ನೋದು ಅಲ್ಲಿ ದಿನಸಿಯ ಒಂದು ಬಾಬತ್ತು, ಅಷ್ಟೇ.

ಟೀ ಕಲಿಸಿದ ಪಾಠ

ಆಗ ಟೀ ಚೀನಾದಿಂದ ಹಡಗಿನಲ್ಲಿ ಬರುತ್ತಿತ್ತು. ಒಂದು ಪೆಟ್ಟಿಗೆಯದು ಇದ್ದಂತೆ ಇನ್ನೊಂದು ಪೆಟ್ಟಿಗೆಯದು ಇರುತ್ತಿರಲಿಲ್ಲ. ಒಂದರಲ್ಲಿ ಬಣ್ಣ ಜಾಸ್ತಿ, ಇನ್ನೊಂದರಲ್ಲಿ ಪರಿಮಳ, ಮತ್ತೊಂದು ಬರೀ ಒಗರು. ಜಾಣ ವ್ಯಾಪಾರಿಗಳು ಮೂರು ನಾಲ್ಕು ಬಗೆಯನ್ನು ಹದವಾಗಿ ಬೆರೆಸಿ, ಗಿರಾಕಿಗೆ ಪ್ರತಿ ಸಲವೂ ಒಂದೇ ರುಚಿ ಸಿಗುವ ಹಾಗೆ ಮಾಡುತ್ತಿದ್ದರು.

ಈ ವಿದ್ಯೆ ನನಗೆ ಹೊಸದಲ್ಲ. ನಮ್ಮಪ್ಪ ಕೂನೂರು ಕಡೆಯ ಡಸ್ಟನ್ನೂ ಅಸ್ಸಾಮಿನ ಎಲೆಯನ್ನೂ ತರಿಸಿ, ಅಂಗಡಿಯ ಹಿಂದಿನ ಕೋಣೆಯಲ್ಲಿ ಬಿಳಿ ಬಟ್ಟೆ ಹಾಸಿ ಬೆರೆಸುತ್ತಿದ್ದ. ಪ್ರತಿ ಮೂಟೆ ಬಿಚ್ಚಿದಾಗಲೂ ಮೊದಲು ಒಂದು ಲೋಟ ಕಾಯಿಸಿ ಕುಡಿದು ನೋಡಿ, ಆಮೇಲೆ ಅಳತೆ ಹಾಕೋನು. ತೆಲುಗು ಮನೆಯವರು, ತಮಿಳು ಮನೆಯವರು, ನಮ್ಮವರು, ಎಲ್ಲರೂ ಕೇಳ್ತಿದ್ದದ್ದು ಅದೇ ಪುಡಿಯನ್ನು. ಅದಕ್ಕೆ ಹೆಸರಿರಲಿಲ್ಲ, ಲೇಬಲ್ ಇರಲಿಲ್ಲ. ಅಂಗಡಿಯವನ ನಾಲಿಗೆಯೇ ಅದರ ಗುರುತು.

ಜಾನ್ ವಾಕರನ ಅಂಗಡಿಯ ಟೀ ವಿದ್ಯೆಯೂ ಇದೇ. ಆ ಮನೆತನದವರು ವಿಸ್ಕಿಗೆ ಬಳಸಿದ್ದು ಟೀಯಿಂದ ಬಂದ ಇದೇ ಲೆಕ್ಕಾಚಾರವನ್ನು. ಅದು ಯಾಕೆ ಬೇಕಾಯ್ತು ಅಂತ ತಿಳಿಯಬೇಕಾದರೆ ಆಗಿನ ವಿಸ್ಕಿ ಹೇಗಿತ್ತು ಅಂತ ತಿಳಿಯಬೇಕು.

ಭಟ್ಟಿಯಿಂದ ಪೀಪಾಯಿಗೆ

ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸುತ್ತಾರೆ. ನಮ್ಮ ಹೆಂಗಸರು ರಾಗಿ ಹುರಿಹಿಟ್ಟಿಗೆ ಮೊಳಕೆ ಕಟ್ಟುವ ಹಾಗೆಯೇ. ಮೊಳಕೆಯನ್ನು ಒಣಗಿಸಿ, ಕೆಲವು ಕಡೆ ಜವುಗು ನೆಲದ ಪೀಟ್ ಮಣ್ಣಿನ ಹೊಗೆ ಕೊಟ್ಟು, ಒಡೆದು, ಬಿಸಿನೀರಿನಲ್ಲಿ ಸಿಹಿ ಇಳಿಸಿ, ಈಸ್ಟ್ ಹಾಕಿ ಹುಳಿ ಬರಿಸಿ, ತಾಮ್ರದ ಹಂಡೆಯಲ್ಲಿ ಸಾಮಾನ್ಯವಾಗಿ ಎರಡು ಸಲ ಭಟ್ಟಿ ಇಳಿಸುತ್ತಾರೆ. ಹೊರಗೆ ಬರುವುದು ನೀರಿನಂತೆ ತಿಳಿಯಾದ, ಗಂಟಲು ಸುಡುವ ದ್ರವ. ಹೊಂಬಣ್ಣ, ನಯ, ಪರಿಮಳ ಬಹುಪಾಲು ಬರುವುದು ಆಮೇಲೆ, ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟಾಗ.

ವಾಕರನ ಕಾಲದಲ್ಲಿ ಇದಕ್ಕೆ ಕಟ್ಟುನಿಟ್ಟು ನಿಯಮ ಇರಲಿಲ್ಲ. ಹೆಚ್ಚಿನ ಸುಂಕದ ದೆಸೆಯಿಂದ ಬೆಟ್ಟದ ಸಂದಿಗಳಲ್ಲಿ ಕಳ್ಳಭಟ್ಟಿ ಜೋರಾಗಿತ್ತು. 1823ರಲ್ಲಿ ಬ್ರಿಟಿಷ್ ಸರ್ಕಾರ ಹೊಸ ಅಬಕಾರಿ ಕಾಯಿದೆ ತಂದು, ಸುಂಕ ಇಳಿಸಿ, ಲೈಸೆನ್ಸ್ ಪಡೆದು ಬಹಿರಂಗವಾಗಿ ಭಟ್ಟಿ ಇಡೋದನ್ನು ಸುಲಭ ಮಾಡಿತು. ಹೊಸ ಭಟ್ಟಿಗಳು ಎದ್ದವು. ಸರಕು ಬಂತು, ಆದರೆ ಒಂದೊಂದು ಪೀಪಾಯಿ ಒಂದೊಂದು ಥರ. ಒಂದೇ ಭಟ್ಟಿಯ ಎರಡು ಪೀಪಾಯಿಗೂ ಹೊಂದಿಕೆ ಇಲ್ಲ. ಅಂಗಡಿಯವ ಪೀಪಾಯಿ ಲೆಕ್ಕದಲ್ಲಿ ಕೊಳ್ಳಬೇಕು, ಗಿರಾಕಿ ತಂದ ಜಾಡಿಗೆ ಅಳೆದು ಹಾಕಬೇಕು. ಹೋದ ತಿಂಗಳು ಚೆನ್ನಾಗಿತ್ತು, ಈ ತಿಂಗಳು ಕೆಟ್ಟದ್ದು ಕೊಟ್ಟ ಅಂತ ಗಿರಾಕಿ ಬೈಯೋದು ಭಟ್ಟಿಯವನನ್ನಲ್ಲ, ಅಂಗಡಿಯವನನ್ನು. ನಮ್ಮ ರೈತರಿಗೂ ವ್ಯಾಪಾರಿಗಳಿಗೂ ಈ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.

ಜಾನ್ ಅದಕ್ಕೊಂದು ದಾರಿ ಮಾಡಿಕೊಂಡ. ಬೇರೆ ಬೇರೆ ವಿಸ್ಕಿಯನ್ನು ಕೊಂಡು, ಬೆರೆಸಿ, ಗಿರಾಕಿಯ ಬಾಯಿಗೆ ಹಿಡಿಸುವ ಹಾಗೆ ಹದ ಮಾಡಿ ಕೊಟ್ಟ. ಅವನದೇ ಅಂತ ಒಂದು ದೊಡ್ಡ ಬ್ರಾಂಡು ಆಗ ಇರಲಿಲ್ಲ. ಬೇಕು ಅಂದವರಿಗೆ ಬೇಕಾದ ಹಾಗೆ. ಊರಲ್ಲಿ ಅದಕ್ಕೆ ವಾಕರನ ಕಿಲ್ಮಾರ್ನಾಕ್ ವಿಸ್ಕಿ ಅನ್ನುವ ಮಾತು ಹುಟ್ಟಿತು. 1833ರಲ್ಲಿ ಎಲಿಜಬೆತ್ ಪರ್ವೆಸ್ ಎಂಬಾಕೆಯನ್ನು ಮದುವೆಯಾದ. 1843ರಲ್ಲಿ ಗ್ಲಾಸ್ಗೋ ಕಡೆಯ ರೈಲು ಕಿಲ್ಮಾರ್ನಾಕಿಗೆ ಬಂದು, ಸರಕು ತರಿಸೋದು ಕಳಿಸೋದು ಸಲೀಸಾಯ್ತು.

ನಾನು ಮಾಡಿದ ತಪ್ಪು

ಇಲ್ಲಿ ನನ್ನದೊಂದು ಮಾತು ಹೇಳದಿದ್ದರೆ ಕಥೆ ಅರ್ಧವಾಗ್ತದೆ. ಅಪ್ಪ ಹೋದ ಮೇಲೆ ಎರಡನೇ ವರ್ಷ ಟೀ ರೇಟು ಏರಿತು. ಒಬ್ಬ ಸಗಟು ವ್ಯಾಪಾರಿ ಅರ್ಧ ಬೆಲೆಗೆ ಒಂದು ಪುಡಿ ತಂದ. ಬಣ್ಣ ಬಹಳ ಚೆನ್ನಾಗಿ ಬಿಡ್ತಿತ್ತು. ನಾನು ಕುಡಿದು ನೋಡಲಿಲ್ಲ. ಮೂರರಲ್ಲಿ ಒಂದು ಪಾಲು ಅದನ್ನೇ ಬೆರೆಸಿ, ಬೆಲೆ ಮಾತ್ರ ಹಳೇದನ್ನೇ ಇಟ್ಟೆ. ಎರಡು ತಿಂಗಳು ಲಾಭ ಚೆನ್ನಾಗಿ ಬಂತು. ಮೂರನೇ ತಿಂಗಳು, ಮೂವತ್ತು ವರ್ಷದಿಂದ ಬರ್ತಿದ್ದ ಒಬ್ಬ ಮುದುಕಿ ಪೊಟ್ಟಣವನ್ನು ಗಲ್ಲಾ ಮೇಲೆ ಇಟ್ಟು, ಏನೂ ಮಾತಾಡದೆ ಹೊರಟುಹೋದಳು. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ಆ ಗಿರಾಕಿಗಳಲ್ಲಿ ಅರ್ಧ ಜನ ಮತ್ತೆ ಬರಲೇ ಇಲ್ಲ.

ಅಪ್ಪನೂ ಬೆರೆಸುತ್ತಿದ್ದ, ನಾನೂ ಬೆರೆಸಿದೆ. ಅಪ್ಪ ಬೆರೆಸುತ್ತಿದ್ದದ್ದು ರುಚಿ ಒಂದೇ ಥರ ಇರಲಿ ಅಂತ. ನಾನು ಬೆರೆಸಿದ್ದು ನನಗೆ ಬೀಳುವ ಅಸಲು ಇಳಿಯಲಿ ಅಂತ. ಮೊದಲನೆಯದು ಬೆರಕೆ, ಎರಡನೆಯದು ಕಲಬೆರಕೆ. ವಾಕರನ ಕಥೆ ಓದಿದಾಗ ನನಗೆ ನಾಟಿದ್ದು ಇದೇ.

ನೀರು ಬಂತು, ಸರಕು ಹೋಯ್ತು

ಮೂವತ್ತೆರಡು ವರ್ಷ ಗಲ್ಲಾ ಮುಂದೆ ಕೂತು ಕಟ್ಟಿದ ಅಂಗಡಿ 1852ರ ಜುಲೈನಲ್ಲಿ ಪ್ರವಾಹಕ್ಕೆ ಸಿಕ್ಕಿತು. ಕಿಲ್ಮಾರ್ನಾಕಿನ ನಡುವೆ ಹರಿಯುವ ಹೊಳೆ ಉಕ್ಕಿ ಪೇಟೆಗೆ ನುಗ್ಗಿತು. ವಾಕರನ ಸರಕೆಲ್ಲ ಹಾಳಾಯಿತು. ಟೀ, ಸಕ್ಕರೆ, ಒಣಹಣ್ಣು ನೆನೆದರೆ ಏನಾಗ್ತದೆ ಅಂತ ಗೋದಾಮು ಇಟ್ಟವರೆಲ್ಲರಿಗೂ ಗೊತ್ತು. ಆಗ ಅವನಿಗೆ ಸುಮಾರು ನಲವತ್ತೇಳು ವರ್ಷ. ಅಂಗಡಿ ಮುಚ್ಚಲಿಲ್ಲ. ಮತ್ತೆ ಸರಕು ತುಂಬಿದ, ಮತ್ತೆ ಬಾಗಿಲು ತೆಗೆದ. ಪ್ರವಾಹದಲ್ಲಿ ಸರಕು ಹೋದರೂ ಅಂಗಡಿಗಿದ್ದ ಹೆಸರು ಹೋಗಲಿಲ್ಲ ಅನ್ನೋದು ನನ್ನ ಲೆಕ್ಕ. ಹೆಸರಿಗಾಗಿಯೇ ಕೊಡುವವರು ಕೊಡ್ತಾರೆ, ಕೊಳ್ಳುವವರು ಬರ್ತಾರೆ.

ಅದಾಗಿ ಐದು ವರ್ಷಕ್ಕೆ, 1857ರಲ್ಲಿ ಜಾನ್ ವಾಕರ್ ತೀರಿಕೊಂಡ. ಆಗ ಅಂಗಡಿಯ ಒಟ್ಟು ಆದಾಯದಲ್ಲಿ ವಿಸ್ಕಿಯ ಪಾಲು ನೂರಕ್ಕೆ ಎಂಟು ಮಾತ್ರ. ಇವತ್ತು ಲೋಕವೆಲ್ಲ ಯಾವ ಸರಕಿಗೆ ಅವನ ಹೆಸರು ಹೇಳ್ತದೋ ಅದು ಅವನಿಗೆ ಬದುಕಿನ ಕೊನೆವರೆಗೂ ಚಿಲ್ಲರೆ ಬಾಬತ್ತು. ಅವನು ಸತ್ತದ್ದು ದಿನಸಿ ವ್ಯಾಪಾರಿಯಾಗಿಯೇ.

ಮಗ ಹಿಡಿದ ದಾರಿ

ಅಂಗಡಿ ಇಪ್ಪತ್ತು ವರ್ಷದ ಮಗ ಅಲೆಕ್ಸಾಂಡರನ ಕೈಗೆ ಬಂತು. ಅಜ್ಜನ ಹೆಸರೇ ಮೊಮ್ಮಗನಿಗೆ. ಅವನು ಗ್ಲಾಸ್ಗೋದಲ್ಲಿ ಟೀ ವ್ಯಾಪಾರಿಯೊಬ್ಬರ ಹತ್ತಿರ ಕೆಲಸ ಕಲಿತು ಬಂದವ. ಆ ಹೊತ್ತಿಗೆ ಎರಡು ಸಂಗತಿ ಕೂಡಿಬಂದಿದ್ದವು. ಒಂದು, ಏನಿಯಸ್ ಕಾಫಿ ಎಂಬಾತ 1830ರಲ್ಲಿ ಪೇಟೆಂಟ್ ಪಡೆದ ಎತ್ತರದ ಭಟ್ಟಿ ಕಂಬ. ಅದರಲ್ಲಿ ಇತರೆ ಧಾನ್ಯದಿಂದಲೂ ಬಿಡುವಿಲ್ಲದೆ, ಕಡಿಮೆ ಖರ್ಚಿನಲ್ಲಿ ಹಗುರವಾದ ವಿಸ್ಕಿ ಇಳಿಸಬಹುದಿತ್ತು. ಎರಡನೆಯದು 1860ರ ಕಾಯಿದೆ. ಬಾರ್ಲಿಯ ಗಡಸು ವಿಸ್ಕಿಯನ್ನೂ ಈ ಹಗುರ ವಿಸ್ಕಿಯನ್ನೂ ಸುಂಕ ಕಟ್ಟುವ ಮೊದಲೇ ಸರ್ಕಾರಿ ಬೀಗದ ಗೋದಾಮಿನಲ್ಲಿ ಬೆರೆಸಬಹುದು ಅಂತ ಅಪ್ಪಣೆ ಸಿಕ್ಕಿತು. ದೊಡ್ಡ ಪ್ರಮಾಣದಲ್ಲಿ, ಒಂದೇ ಹದದಲ್ಲಿ ಸರಕು ಮಾಡಲು ಹಾದಿ ತೆರೆಯಿತು.

ಅಲೆಕ್ಸಾಂಡರ್ ಮಾಡಿದ ಬೆರಕೆಗೆ ಓಲ್ಡ್ ಹೈಲ್ಯಾಂಡ್ ವಿಸ್ಕಿ ಅಂತ ಹೆಸರಿಟ್ಟು 1867ರಲ್ಲಿ ನೋಂದಾಯಿಸಿದ. ಹಡಗಿನ ಕ್ಯಾಪ್ಟನ್ನರ ಕೈಲಿ ದೇಶಾಂತರ ಕಳಿಸಿದ. ಬಾಟ್ಲಿ ಚೌಕಾಕಾರದ್ದಾಯಿತು. ಚೌಕ ಬಾಟ್ಲಿ ಪೆಟ್ಟಿಗೆಯಲ್ಲಿ ಒತ್ತಾಗಿ ಕೂರ್ತದೆ, ಹೆಚ್ಚು ಹಿಡಿಸ್ತದೆ, ಒಡೆಯೋದು ಕಡಿಮೆ. ಲೇಬಲನ್ನು ಓರೆಯಾಗಿ ಅಂಟಿಸಿದ್ದರಿಂದ ಅಕ್ಷರ ದೊಡ್ಡದಾಗಿ ಬರೆಯಲು ಜಾಗ ಸಿಕ್ಕಿತು, ಸಾಲಾಗಿ ಇಟ್ಟ ಬಾಟ್ಲಿಗಳಲ್ಲಿ ದೂರದಿಂದಲೇ ಗುರುತು ಸಿಗುವಂತಾಯ್ತು. 1889ರಲ್ಲಿ ಅವನು ತೀರಿಕೊಂಡು ಮಕ್ಕಳ ಕೈಗೆ ವ್ಯಾಪಾರ ಬರುವ ಹೊತ್ತಿಗೆ, ನೂರಕ್ಕೆ ಎಂಟಿದ್ದ ವಿಸ್ಕಿಯ ಪಾಲು ತೊಂಬತ್ತು ದಾಟಿತ್ತು. 1893ರಲ್ಲಿ ಮನೆತನದವರು ಕಾರ್ಡು ಎಂಬ ಭಟ್ಟಿಯನ್ನೇ ಕೊಂಡರು. ಬೆರಕೆಗೆ ಬೇಕಾದ ಮುಖ್ಯ ಸರಕಿಗೆ ಇನ್ನೊಬ್ಬರ ಬಾಗಿಲು ಕಾಯೋದು ತಪ್ಪಿತು.

ಅದೇ ಕಾಲದಲ್ಲಿ ಕಲಬೆರಕೆಯ ದಾರಿ ಹಿಡಿದವರೂ ಇದ್ದರು. ಲೀತ್ ಬಂದರಿನ ಪ್ಯಾಟಿಸನ್ ಸಹೋದರರು ಭಾರಿ ಜಾಹೀರಾತು ಮಾಡಿ, ಸಾಲದ ಮೇಲೆ ಸಾಲ ತಂದು, ಪೀಪಾಯಿಗಳ ಬೆಲೆಯನ್ನು ಪುಸ್ತಕದಲ್ಲಿ ಏರಿಸಿ ಬರೆದು, ಅಗ್ಗದ ವಿಸ್ಕಿಗೆ ಒಂದಿಷ್ಟು ಒಳ್ಳೇದನ್ನು ತಾಗಿಸಿ ಉತ್ತಮ ದರ್ಜೆ ಅಂತ ಮಾರಿದರು. 1898ರ ಡಿಸೆಂಬರಿನಲ್ಲಿ ಅವರ ಕಂಪನಿ ಕುಸಿಯಿತು. ಜೊತೆಗೆ ಎಷ್ಟೋ ಸಣ್ಣ ವ್ಯಾಪಾರಿಗಳು ಮುಳುಗಿದರು. 1901ರಲ್ಲಿ ಅಣ್ಣತಮ್ಮ ಇಬ್ಬರೂ ಜೈಲಿಗೆ ಹೋದರು. ಪೀಪಾಯಿಗಳನ್ನು ಕಾಗದದ ಮೇಲೆ ಮಾತ್ರ ನೋಡಿ ದುಡ್ಡು ಹಾಕಿದವರಿಗೆ ಅದು ನೂರು ವರ್ಷ ಮರೆಯಬಾರದ ಪಾಠ. ಆದರೆ ಮರೆತೇ ಹೋಗ್ತದೆ.

ನಡೆದು ಹೊರಟ ಮನುಷ್ಯ

ಬಾಟ್ಲಿ ಮೇಲೆ ಕೆಂಪು ಕೋಟು, ಎತ್ತರದ ಟೋಪಿ, ಕೈಯಲ್ಲಿ ಕೋಲು ಹಿಡಿದು ದಾಪುಗಾಲು ಹಾಕುವ ಮನುಷ್ಯ ಇದ್ದಾನಲ್ಲ, ಆ ಚಿತ್ರ ಬಂದದ್ದು 1908ರಲ್ಲಿ. ಬರೆದವ ಟಾಮ್ ಬ್ರೌನ್ ಎಂಬ ವ್ಯಂಗ್ಯಚಿತ್ರಕಾರ. ಅಷ್ಟು ಹೊತ್ತಿಗೆ ಜಾನ್ ಸತ್ತು ಅರ್ಧ ಶತಮಾನ ಕಳೆದಿತ್ತು. ಕೆಂಪು ಲೇಬಲ್, ಕಪ್ಪು ಲೇಬಲ್ ಅನ್ನುವ ಹೆಸರುಗಳು 1909ರಲ್ಲಿ ಬಂದವು. 1925ರಲ್ಲಿ ಮನೆತನದ ಕಂಪನಿ ದೊಡ್ಡ ಕಂಪನಿಯೊಂದರಲ್ಲಿ ಸೇರಿಹೋಯಿತು. ಹೆಸರು ಬೆಳೆಯಿತು, ಅಂಗಡಿ ಮಾತ್ರ ಊರಿನಿಂದ ದೂರವಾಗ್ತಾ ಹೋಯ್ತು.

2009ರಲ್ಲಿ ಕಿಲ್ಮಾರ್ನಾಕಿನ ಬಾಟ್ಲಿ ತುಂಬುವ ಕಾರ್ಖಾನೆ ಮುಚ್ಚುತ್ತೇವೆ ಅಂತ ಕಂಪನಿ ಹೇಳಿತು. ಆ ಸಣ್ಣ ಊರಲ್ಲಿ ಸುಮಾರು 20,000 ಮಂದಿ ಬೀದಿಗಿಳಿದು ಮೆರವಣಿಗೆ ಮಾಡಿದರು. ಫಲ ಸಿಗಲಿಲ್ಲ. 2012ರಲ್ಲಿ ಕಾರ್ಖಾನೆ ಮುಚ್ಚಿತು. ಆ ಜಾಗದಲ್ಲಿ 2016ರಲ್ಲಿ ಒಂದು ಕಾಲೇಜು ತೆರೆಯಿತು. ವಾಕರನ ಹೆಸರು ಜಗತ್ತಿನ ಅಂಗಡಿಗಳಲ್ಲೆಲ್ಲ ಇದೆ, ಅವನ ಊರಲ್ಲಿ ಆ ಬಾಟ್ಲಿ ತುಂಬುವುದಿಲ್ಲ. ಗಡಿಯಲ್ಲಿ ಬದುಕುವ ನಮಗೆ ಇದು ಸ್ವಲ್ಪ ಹೆಚ್ಚೇ ಅರ್ಥವಾಗ್ತದೆ. ಒಂದು ಊರಿನ ಬದುಕನ್ನು ದೂರದ ಕಚೇರಿ ತೀರ್ಮಾನ ಮಾಡೋದು ನಾವು ನೋಡದ ಸಂಗತಿಯಲ್ಲ.

ಪೀಪಾಯಿ ಕೊಳ್ಳುವ ಮೊದಲು

ಕಥೆ ಮುಗಿಯುವ ಹೊತ್ತಿಗೆ ಹುಡುಗನೇ ತನಗೆ ಗೊತ್ತಿದ್ದದ್ದನ್ನು ಬಿಚ್ಚಿದ. ಬಾಟ್ಲಿಯ ಮೇಲೆ 12 ವರ್ಷ ಅಂತಿದ್ದರೆ ಅದರೊಳಗೆ ಬೆರೆತ ಎಲ್ಲದರಲ್ಲಿ ಅತಿ ಎಳೆಯದಕ್ಕೆ 12 ವರ್ಷ ಆಗಿರಬೇಕು. ಸಿಂಗಲ್ ಮಾಲ್ಟ್ ಅಂದರೆ ಒಂದೇ ಭಟ್ಟಿಯ ಬಾರ್ಲಿ ವಿಸ್ಕಿ. ಒಂದೇ ಪೀಪಾಯಿಯದು ಅಂತ ಅರ್ಥವಲ್ಲ, ಅದರಲ್ಲೂ ಹಲವು ಪೀಪಾಯಿ ಬೆರೆಸಿರಬಹುದು. ಸ್ಕಾಚ್ ಅನ್ನಬೇಕಾದರೆ ಸ್ಕಾಟ್ಲೆಂಡಿನಲ್ಲೇ ಓಕ್ ಪೀಪಾಯಿಯಲ್ಲಿ ಕಡೇಪಕ್ಷ ಮೂರು ವರ್ಷ ಇರಬೇಕು. ಬಾಟ್ಲಿ ತರುವಾಗ ಇಷ್ಟೆಲ್ಲ ನೋಡುವ ಹುಡುಗ, ಪೀಪಾಯಿಗೆ ದುಡ್ಡು ಹಾಕುವಾಗ ಏನೇನು ಕೇಳಿದ್ದಾನೆ ಅಂತ ಕೇಳಿದೆ. ಏನೂ ಕೇಳಿರಲಿಲ್ಲ.

ಇಬ್ಬರೂ ಕೂತು ಒಂದು ಪಟ್ಟಿ ಮಾಡಿದೆವು. ಯಾವ ಭಟ್ಟಿಯದು, ಯಾವ ತಾರೀಖು ತುಂಬಿದ್ದು, ಪೀಪಾಯಿಯ ನಂಬರು ಎಷ್ಟು, ಅದು ಮೊದಲು ಏನು ತುಂಬಿದ್ದ ಪೀಪಾಯಿ. ಹೋದ ಸಲ ಅಳೆದಾಗ ಎಷ್ಟು ಲೀಟರ್ ಉಳಿದಿತ್ತು, ಅದರ ಶಕ್ತಿ ಎಷ್ಟಿತ್ತು. ಸ್ಕಾಟ್ಲೆಂಡಿನ ಚಳಿಯಲ್ಲೂ ವರ್ಷಕ್ಕೆ ನೂರಕ್ಕೆ ಎರಡರಷ್ಟು ಮರದ ಮೂಲಕ ಆರಿಹೋಗ್ತದೆ. ಶಕ್ತಿ ನೂರಕ್ಕೆ ನಲವತ್ತಕ್ಕಿಂತ ಕೆಳಗಿಳಿದರೆ ಅದನ್ನು ಸ್ಕಾಚ್ ಅಂತ ಬಾಟ್ಲಿಗೆ ತುಂಬುವ ಹಾಗಿಲ್ಲ. ಪೀಪಾಯಿ ಯಾವ ಸುಂಕದ ಗೋದಾಮಿನಲ್ಲಿದೆ, ಬಾಡಿಗೆ, ವಿಮೆ ಯಾರದು, ಗೋದಾಮಿನ ಪುಸ್ತಕದಲ್ಲಿ ಮಾಲೀಕ ಅಂತ ಯಾರ ಹೆಸರು ಬರೆದಿದೆ. ಕೊನೆಯದೇ ಮುಖ್ಯ. ಬಣ್ಣದ ಸರ್ಟಿಫಿಕೇಟು ಮನೆಯ ಗೋಡೆಗೆ ಚೆಂದ. ಹಕ್ಕು ಬರೋದು ಗೋದಾಮಿನವರು ನಿಮ್ಮ ಹೆಸರಿಗೆ ವರ್ಗ ಮಾಡಿದೆವು ಅಂತ ಬರೆದು ಕೊಟ್ಟರೆ. ಹೊಲ ಕೊಂಡು ಖಾತೆ ಮಾಡಿಸಿಕೊಳ್ಳದೆ ಇದ್ದರೆ ಹೇಗೋ ಹಾಗೆ. ಬ್ರಿಟನ್ನಿನಲ್ಲಿ ಒಂದೇ ಪೀಪಾಯಿಯನ್ನು ಹಲವರಿಗೆ ಮಾರಿದ ದೂರುಗಳು ಬಂದು, ಪೊಲೀಸರು ತನಿಖೆಗೆ ಇಳಿದದ್ದು ಈಚಿನ ಸಂಗತಿಯೇ.

ಇನ್ನೊಂದು ಮಾತನ್ನೂ ಹುಡುಗನೇ ಹೇಳಿದ. 2004ರಲ್ಲಿ ಬೆಂಗಳೂರಿನ ಅಮೃತ್ ಕಂಪನಿಯವರು ತಮ್ಮ ಸಿಂಗಲ್ ಮಾಲ್ಟನ್ನು ಮೊದಲು ಮಾರಾಟಕ್ಕಿಟ್ಟದ್ದು ಗ್ಲಾಸ್ಗೋದಲ್ಲಿ, ವಾಕರನ ಊರಿನಿಂದ ಇಪ್ಪತ್ತು ಮೈಲಿ ಆಚೆ. ನಮ್ಮ ಬಿಸಿಲಿಗೆ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ ಹತ್ತಕ್ಕೂ ಮೀರಿ ಆರಿಹೋಗ್ತದೆ, ಆದರೆ ಹದವೂ ಬೇಗ ಬರ್ತದೆ. ಅಂದರೆ ಪೀಪಾಯಿ ಇರುವ ನೆಲದ ಹವೆಯನ್ನೂ ಲೆಕ್ಕ ಹಿಡಿಯಬೇಕು. ಹತ್ತು ವರ್ಷ ಬಿಟ್ಟರೆ ದುಡ್ಡು ತಾನಾಗಿ ಬೆಳೀತದೆ ಅನ್ನೋದು ಎಲ್ಲೂ ಇಲ್ಲ.

ಮರುದಿನ ಆ ಪಟ್ಟಿ ಹಿಡಿದು ಫೋನ್ ಮಾಡಿದ. ಗೋದಾಮಿನ ಹೆಸರು ಕೇಳಿದ್ದಕ್ಕೆ ನಾಳೆ ಹೇಳ್ತೇವೆ ಅಂದರಂತೆ. ಆ ನಾಳೆ ಬರಲೇ ಇಲ್ಲ. ನಾಲ್ಕನೇ ದಿನ ಇವನ ಫೋನನ್ನು ಎತ್ತುವುದನ್ನೂ ಬಿಟ್ಟರು. ಹುಡುಗನಿಗೆ ಒಂದು ವಾರ ಬೇಜಾರು. ಆಮೇಲೆ ದುಡ್ಡನ್ನು ಬ್ಯಾಂಕಿನಲ್ಲಿ ಇಟ್ಟು, ಏನು ಮಾಡಬೇಕು ಅಂತ ನಿಧಾನವಾಗಿ ಯೋಚಿಸ್ತಿದ್ದಾನೆ. ವಿಸ್ಕಿ ಬಾಟ್ಲಿ ನೋಡೋದು, ಹೋಲಿಸೋದು ಬಿಟ್ಟಿಲ್ಲ. ಅದು ಅವನ ಖುಷಿ. ಮಿತಿಯಲ್ಲಿದ್ದರೆ ನಾನು ಅಡ್ಡ ಬರೋನಲ್ಲ.

ಶನಿವಾರ ಶನಿವಾರ ಈಗ ನಮ್ಮ ಅಂಗಡಿಗೆ ಬರ್ತಾನೆ. ಹಿಂದಿನ ಕೋಣೆಯಲ್ಲಿ ಬಿಳಿ ಬಟ್ಟೆ ಹಾಸ್ತೇನೆ. ಹೊಸ ಮೂಟೆ ಬಿಚ್ಚಿದ ಕೂಡಲೇ ಮೊದಲ ಲೋಟ ಕಾಯಿಸಿ ಅವನ ಕೈಗೆ ಕೊಡ್ತೇನೆ. ಅವನು ಹೂಂ ಅಂದ ಮೇಲೆಯೇ ಬೆರಕೆ.